ಮೆಣಸಿನಕಾಯಿ ರಾಶಿಯ ಮೇಲೆ ಎರಡನೆಯ ಸುತ್ತು

2024ರ ಬೇಸಿಗೆಯಲ್ಲಿ ನಾನು ಡ್ರೋನ್ ಹಾರಿಸಲು ಕಲಿಯತೊಡಗಿದಾಗ ನನಗೆ ನಲವತ್ತಾರು ವರ್ಷ. ಹಾವೇರಿಯಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ, ಸೀಮಂತದ ಕುಬಸ, ಗೃಹಪ್ರವೇಶಗಳಿಗೆ ಕ್ಯಾಮೆರಾ ಹಿಡಿದು ಹೋಗುವವರು ನಮ್ಮ ಮನೆಯವರು. ಅವರು ತಂದದ್ದನ್ನೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಕೊಡುವವಳು ನಾನು. ಇಪ್ಪತ್ತು ವರ್ಷ ಅದೇ ಕೆಲಸ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಸ್ಟುಡಿಯೊದ ಕಸ ಹೊಡೆದು, ದೇವರ ಫೋಟೊಕ್ಕೆ ಊದುಬತ್ತಿ ಹಚ್ಚಿ ಕುಳಿತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಬೇರೆಯವರು ಹಿಡಿದ ಚಿತ್ರದಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡಾಗಿತ್ತು. ಇದು ನನ್ನದೇ ತಪ್ಪಿನ ಸಂಗತಿ.

ನಮ್ಮಲ್ಲಿ ಆಗಲೇ ಒಂದು ಮಾಮೂಲಿ ಡ್ರೋನ್ ಇತ್ತು. ಅದು ಸಾಧು ಪ್ರಾಣಿ. ಕೈ ಬಿಟ್ಟರೆ ಗಾಳಿಯಲ್ಲಿ ತಾನಾಗಿ ನಿಲ್ಲುತ್ತದೆ. ಕಲ್ಯಾಣಮಂಟಪದ ಮೇಲೆ ಏರಿ ಒಂದು ಸುತ್ತು ಹಾಕಿ ಬಂದರೆ ಮುಗಿಯಿತು, ಊರಿನ ಎಲ್ಲ ಸ್ಟುಡಿಯೊದವರ ಚಿತ್ರವೂ ಒಂದೇ ಥರ. ಆಗ ನನ್ನ ಕಣ್ಣಿಗೆ ಬಿದ್ದದ್ದು ಎಫ್‌ಪಿವಿ ಡ್ರೋನ್. ಇದನ್ನು ಹಾರಿಸುವವರು ಕಣ್ಣಿಗೆ ದಪ್ಪನೆಯ ಗಾಗಲ್ಸ್ ಕಟ್ಟಿಕೊಳ್ಳುತ್ತಾರೆ. ಡ್ರೋನಿನ ಮೂತಿಯಲ್ಲಿರುವ ಸಣ್ಣ ಕ್ಯಾಮೆರಾ ಕಂಡದ್ದು ಆ ಗಾಗಲ್ಸಿನೊಳಗೆ ಕಾಣುತ್ತದೆ. ಅಂದರೆ ಕುರ್ಚಿಯ ಮೇಲೆ ಕುಳಿತಿದ್ದರೂ ನೀವು ಡ್ರೋನಿನೊಳಗೇ ಕುಳಿತಂತೆ. ಕಿಟಕಿಯೊಳಗೆ ನುಗ್ಗಬಹುದು, ಬೇವಿನ ಮರದ ಕೊಂಬೆಗಳ ನಡುವೆ ತೂರಬಹುದು. ಆದರೆ ಇದು ಸಾಧು ಅಲ್ಲ. ಕೈ ಬಿಟ್ಟರೆ ನಿಲ್ಲುವುದಿಲ್ಲ, ಹೊರಟ ದಿಕ್ಕಿಗೇ ಹೋಗಿ ಬಡಿದುಕೊಳ್ಳುತ್ತದೆ.

ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್ ಎಂಬ ಆಟದಂಥ ಪ್ರೋಗ್ರಾಮ್ ಇರುತ್ತದೆ. ನಿಜವಾದ ರಿಮೋಟನ್ನು ಅದಕ್ಕೆ ಜೋಡಿಸಿ ಸುಳ್ಳು ಡ್ರೋನ್ ಹಾರಿಸಬೇಕು. ಎಡಗೈ ಕಡ್ಡಿಯಿಂದ ಏರಿಳಿತ ಮತ್ತು ತಿರುಗಾಟ, ಬಲಗೈ ಕಡ್ಡಿಯಿಂದ ವಾಲುವುದು. ಕುಕ್ಕರ್ ಇಟ್ಟು ಬಂದು ಸೀಟಿ ಹೊಡೆಯುವವರೆಗೆ ಕಲಿಯುತ್ತಿದ್ದೆ. ಸೀಟಿ ಆಗುವಷ್ಟರಲ್ಲಿ ಹತ್ತಾರು ಡ್ರೋನ್ ಪುಡಿ ಮಾಡಿರುತ್ತಿದ್ದೆ. ಮೊದಮೊದಲು ತಲೆ ತಿರುಗಿ ವಾಂತಿ ಬಂದಂತಾಗುತ್ತಿತ್ತು. ಬಾಯಲ್ಲಿ ಹುಣಸೆಹಣ್ಣಿನ ಚೂರು ಇಟ್ಟುಕೊಂಡು ಕುಳಿತುಕೊಳ್ಳುತ್ತಿದ್ದೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿ, ಈ ವಯಸ್ಸಿನಲ್ಲಿ ಬಯಕೆ ಹತ್ತಿದೆಯೇ ಎಂದು ನಗುತ್ತಿದ್ದರು.

ಗಾಗಲ್ಸ್ ಕಟ್ಟಿಕೊಂಡವರಿಗೆ ತಮ್ಮ ಸುತ್ತ ಏನಿದೆ ಎಂಬುದು ಕಾಣುವುದಿಲ್ಲ. ಹಿಂದಿನಿಂದ ಎತ್ತು ಬಂದರೂ ಗೊತ್ತಾಗದು. ಅದಕ್ಕಾಗಿ ಪಕ್ಕದಲ್ಲಿ ಒಬ್ಬರು ಬರಿಗಣ್ಣಿನಲ್ಲಿ ಡ್ರೋನನ್ನೇ ನೋಡುತ್ತ ನಿಂತು, ತಂತಿ ಇದೆ, ಜನ ಬಂದರು ಎಂದು ಹೇಳಬೇಕು. ಅವರನ್ನು ಸ್ಪಾಟರ್ ಎನ್ನುತ್ತಾರೆ. ಸ್ಪಾಟರ್ ಇಲ್ಲದೆ ಹಾರಿಸಬಾರದು ಎಂಬುದು ಈ ವಿದ್ಯೆಯ ಮೊದಲ ನಿಯಮ. ನನ್ನ ಸ್ಪಾಟರ್ ರಜಿಯಾ.

ರಜಿಯಾಳ ಅಂಗಡಿ ನಮ್ಮ ಸ್ಟುಡಿಯೊಕ್ಕೆ ಹೊಂದಿಯೇ ಇದೆ. ಮದುಮಗಳ ಕೈಗೆ ಮೆಹಂದಿ ಹಾಕುತ್ತಾಳೆ. ಅದಕ್ಕಿಂತ ಹೆಚ್ಚಾಗಿ ಬ್ಲೌಸುಗಳ ಮೇಲೆ ಆರಿ ವರ್ಕ್ ಮಾಡುತ್ತಾಳೆ. ಚೌಕಟ್ಟಿಗೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ಕೊಕ್ಕೆಯ ಸೂಜಿಯಿಂದ ಜರಿ ಮತ್ತು ಮಣಿ ಕೂಡಿಸುವ ಕೆಲಸ ಅದು. ಸಾಸಿವೆಗಿಂತ ಸಣ್ಣ ಮಣಿ. ಹಾವೇರಿಯಲ್ಲಿ ಅಷ್ಟು ನಯವಾದ ಕೈ ಇನ್ನೊಂದಿಲ್ಲ ಎಂದು ರಾಣೆಬೆನ್ನೂರಿನಿಂದಲೂ ಜನ ಬರುತ್ತಿದ್ದರು. ಆಕೆಯ ಗಂಡ ಖಾದರಭಾಯಿ ಬೋರ್‌ವೆಲ್ ಮೋಟರುಗಳ ರಿವೈಂಡಿಂಗ್ ಮಾಡುವವರು. ನನ್ನ ಡ್ರೋನಿನ ತಂತಿ ಕಿತ್ತಾಗಲೆಲ್ಲ ಬೆಸುಗೆ ಹಾಕಿ ಕೊಡುತ್ತಿದ್ದವರು ಅವರೇ. ಇಷ್ಟು ಸಣ್ಣ ಮೋಟರ್ ತಮ್ಮ ಜನ್ಮದಲ್ಲಿ ಕಂಡಿಲ್ಲ, ಇದು ಕಿವಿಯೋಲೆ ಇದ್ದಂತಿದೆ ಎನ್ನುತ್ತಿದ್ದರು.

ಅಗಡಿಯಲ್ಲಿ ನನ್ನ ತವರಿನ ಹೊಲ ಇದೆ. ಬೇಸಿಗೆಯಲ್ಲಿ ಅದು ಖಾಲಿ. ವಾರಕ್ಕೆರಡು ದಿನ, ಬಿಸಿಲು ಇಳಿದ ಮೇಲೆ, ಸ್ಕೂಟಿಯಲ್ಲಿ ಇಬ್ಬರೂ ಹೋಗುತ್ತಿದ್ದೆವು. ಪ್ಲಾಸ್ಟಿಕ್ ಕುರ್ಚಿ, ಡಬ್ಬಿಯಲ್ಲಿ ಚುರುಮುರಿ, ಬ್ಯಾಟರಿ ಇಡಲು ದಪ್ಪ ತಗಡಿನ ಪೆಟ್ಟಿಗೆ. ಬ್ಯಾಟರಿ ಬರುವುದು ನಾಲ್ಕೈದು ನಿಮಿಷ ಅಷ್ಟೆ. ಮೊದಲ ದಿನ ನಾನು ಗಾಗಲ್ಸ್ ಕಟ್ಟಿಕೊಂಡು ಕುರ್ಚಿಯಲ್ಲಿ ಕುಳಿತೆ. ರಜಿಯಾ ಬುರ್ಖಾದಲ್ಲಿ, ಮುಖಕ್ಕೆ ನಕಾಬ್ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ ಅವಳು ಹೇಳಿದ್ದು ಈಗಲೂ ನೆನಪಿದೆ.

“ಚಲೋ ಜೋಡಿ ಆತು ನೋಡಕ್ಕಾ. ನಾ ಕಣ್ಣಷ್ಟ ಬಿಟ್ಟ ಎಲ್ಲಾ ಮುಚ್ಚೇನಿ, ನೀ ಎಲ್ಲಾ ಬಿಟ್ಟ ಕಣ್ಣಷ್ಟ ಮುಚ್ಚೀದಿ.”

ನಕ್ಕು ನಕ್ಕು ಡ್ರೋನನ್ನು ಜಾಲಿಗಿಡಕ್ಕೆ ಹೊಡೆದೆ. ಮುಳ್ಳಿನೊಳಗೆ ಕೈ ಹಾಕಿ ತೆಗೆದವಳೂ ಅವಳೇ.

ಬರುಬರುತ್ತ ನಮ್ಮಿಬ್ಬರದೇ ಒಂದು ಭಾಷೆಯಾಯಿತು. “ಎತ್ತು” ಎಂದರೆ ತಕ್ಷಣ ಮೇಲಕ್ಕೆ. “ಇಳಸು” ಎಂದರೆ ನಿಧಾನಕ್ಕೆ ಕೆಳಗೆ. “ಬಿಡು” ಎಂದರೆ ಮೋಟರ್ ಬಂದ್. ಇನ್ನೊಂದು ಮಾತು ಇರುತ್ತಿರಲಿಲ್ಲ. ಮಣಿ ಕೂಡಿಸುವ ಕಣ್ಣು ಅವಳದು. ಆಕಾಶದಲ್ಲಿ ಕಾಗೆಯಷ್ಟಾದರೂ, ಆಮೇಲೆ ನೊಣದಷ್ಟಾದರೂ ಡ್ರೋನ್ ಅವಳಿಗೆ ತಪ್ಪುತ್ತಿರಲಿಲ್ಲ. ಅವಳ ದನಿಯನ್ನು ನಂಬಿ ನಾನು ವೇಗವಾಗಿ ಕಲಿತೆ. ಡಿಸೆಂಬರ್ ಹೊತ್ತಿಗೆ ರಾಣೆಬೆನ್ನೂರಿನ ಒಂದು ಮದುವೆಯಲ್ಲಿ ಮಂಟಪದ ಬಾಗಿಲಿನಿಂದ ಒಳಹೊಕ್ಕು, ತೋರಣದ ಕೆಳಗೆ ಹಾದು, ಅಡಿಗೆಮನೆಯ ಕಿಟಕಿಯಿಂದ ಹೊರಬಿದ್ದು ಒಂದೇ ಉಸಿರಿನ ಚಿತ್ರ ತೆಗೆದೆ. ಅದನ್ನು ಫೋನಿನಲ್ಲಿ ನೋಡಿದವರೆಲ್ಲ ಯಾರು ಹಾರಿಸಿದ್ದು ಎಂದು ಕೇಳಿದರು. ನಾನು ಎಂದೆ. ನಾವು ಎನ್ನಬೇಕಿತ್ತು.

2025ರ ಫೆಬ್ರುವರಿಯಲ್ಲಿ ಬ್ಯಾಡಗಿಯ ಕೆಲಸ ಬಂತು. ಅಲ್ಲಿನ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಹೊಸದಾಗಿ ಕೋಲ್ಡ್ ಸ್ಟೋರೇಜ್ ಕಟ್ಟಿಸಿದ್ದರು. ರಾಶಿಗಳ ಮೇಲಿಂದ ಹಾರುತ್ತ ಬಂದು, ಕಾಯಿ ಹಸನು ಮಾಡುವ ಹೆಣ್ಣುಮಕ್ಕಳನ್ನು ಹಾದು, ಸ್ಟೋರೇಜಿನ ದೊಡ್ಡ ಬಾಗಿಲೊಳಗೆ ನುಗ್ಗುವ ಒಂದೇ ಚಿತ್ರ ಅವರಿಗೆ ಬೇಕಿತ್ತು. ಜಾಗ ಅವರದೇ, ಸ್ಟೋರೇಜಿನ ಮುಂದಿನ ಬಯಲು. ಪರವಾನಗಿಯ ಕೆಲಸ ಅವರೇ ಮುಗಿಸಿದ್ದರು.

ಇದಕ್ಕೆ ನಾನು ಒಯ್ದದ್ದು ಜನರ ಹತ್ತಿರ ಹಾರಿಸಲೆಂದೇ ಮಾಡಿದ, ರೆಕ್ಕೆಗಳ ಸುತ್ತ ಬಳೆಯಂಥ ಕಾಪು ಇರುವ ಡ್ರೋನ್. ತಾಗಿದರೂ ಕೊಯ್ಯುವುದಿಲ್ಲ. ಆದರೆ ಆ ಬಳೆಗಳ ಕಾರಣದಿಂದಲೇ ಅದರ ಗಾಳಿ ಚದುರದೆ ನೇರ ಕೆಳಕ್ಕೆ ಬೀಳುತ್ತದೆ. ಅದರ ಮೇಲೆ ಎರಡು ಕ್ಯಾಮೆರಾ ಇರುತ್ತವೆ. ಸಣ್ಣದು ಗಾಗಲ್ಸಿಗೆ ಚಿತ್ರ ಕಳಿಸುತ್ತದೆ, ದೊಡ್ಡದು ಗಿರಾಕಿಗೆ ಕೊಡಬೇಕಾದ ಚಿತ್ರವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ.

ಫೆಬ್ರುವರಿಯಲ್ಲಿ ಬ್ಯಾಡಗಿಗೆ ಹೋದವರಿಗೆ ಹೇಳಬೇಕಾಗಿಲ್ಲ. ಬಸ್ ಇಳಿಯುವ ಮೊದಲೇ ಮೂಗು ಊರನ್ನು ಗುರುತಿಸುತ್ತದೆ. ಆ ಬಯಲಿನಲ್ಲಿ ಕೆಂಪು ರಾಶಿಗಳು ಸಾಲಾಗಿ ಬಿದ್ದಿದ್ದವು. ಕೊನೆಯಲ್ಲಿ ತಾಡಪಾಲಿನ ನೆರಳಲ್ಲಿ ಹತ್ತು ಹನ್ನೆರಡು ಹೆಣ್ಣುಮಕ್ಕಳು ಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದರು. ನಾವು ಮುಂಚೆಯೇ ಹೋಗಿ ಹೇಳಿದೆವು, ಇಂಥದ್ದೊಂದು ತಲೆಯ ಮೇಲಿಂದ ಹಾದುಹೋಗುತ್ತದೆ, ಹೆದರಬೇಡಿ ಎಂದು. ಒಬ್ಬಳು ತಲೆ ಬಾಚಿಕೊಂಡು ಬರಲೇ ಎಂದು ಕೇಳಿದಳು. ಇನ್ನೊಬ್ಬಳು, ನಿನ್ನ ಮಾರಿ ನೋಡಿದರೆ ಅದು ಅಲ್ಲೇ ಬೀಳುತ್ತದೆ ಎಂದಳು. ರಜಿಯಾ ಅವರ ಪಕ್ಕ ಕುಳಿತು ಎರಡು ಕಾಯಿ ಬಿಡಿಸಿಯೂ ನೋಡಿದಳು. ಮಧ್ಯಾಹ್ನ ಮೂರರ ಸುಮಾರಿಗೆ ನಾನು ಕೊನೆಯ ರಾಶಿಯ ಈಚೆಗೆ ಕುರ್ಚಿಯಲ್ಲಿ ಕುಳಿತು, ಮೂಗಿಗೆ ಮಾಸ್ಕ್ ಹಾಕಿ, ಗಾಗಲ್ಸ್ ಕಟ್ಟಿದೆ. ಬಲಬದಿಗೆ ಒಂದು ಮಾರು ದೂರದಲ್ಲಿ ರಜಿಯಾ ನಿಂತಳು.

ಮೊದಲ ಸುತ್ತು ಚೆನ್ನಾಗಿಯೇ ಆಯಿತು. ರಾಶಿಗಳಿಂದ ಎದೆಯೆತ್ತರಕ್ಕಿಂತ ಮೇಲೆಯೇ ಹಾರಿಸಿದ್ದೆ. ರಾಶಿಗಳು ಕೆಳಗೆ ಸರಿದವು, ಹೆಣ್ಣುಮಕ್ಕಳು ತಲೆಯೆತ್ತಿ ನಕ್ಕರು, ಬಾಗಿಲೊಳಗೆ ಹೊಕ್ಕು ಹೊರಬಂದೆ. ಕೊಡಬೇಕಾದ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಕೊನೆಯ ರಾಶಿಯ ಹತ್ತಿರ ಸ್ವಲ್ಪ ತಗ್ಗಿದಾಗ, ಡ್ರೋನಿನ ಗಾಳಿಗೆ ಮೇಲಿನ ಒಣಸಿಪ್ಪೆಗಳು ಎದ್ದು ಕೆಂಪಗೆ ಒಂದು ಸೆರಗು ಹಾಸಿದಂತೆ ತೇಲಿದ್ದವು. ಇಪ್ಪತ್ತು ವರ್ಷ ಬೇರೆಯವರ ಚಿತ್ರ ಕತ್ತರಿಸಿದ ನನಗೆ ಅಂಥ ಬಣ್ಣ ಒಮ್ಮೆಯೂ ಸಿಕ್ಕಿರಲಿಲ್ಲ. ಇನ್ನೂ ತಗ್ಗಿದರೆ ಅಲೆಯೇ ಏಳುತ್ತದೆ ಎಂದು ನನಗೆ ಗೊತ್ತಾಯಿತು.

ರಜಿಯಾ ಅಂದಳು, “ಗಾಳಿ ತಿರುಗೇತಿ ಅಕ್ಕಾ, ನಮ್ಮ ಕಡೇನ ಬರಾಕತ್ತೇತಿ. ಸಾಕ ಮಾಡು.”

ಗಾಗಲ್ಸಿನೊಳಗೆ ಗಾಳಿ ತಿರುಗಿದ್ದು ಕಾಣುವುದಿಲ್ಲ. ನಾನು ಅಂದೆ, “ಬ್ಯಾಡಗಿ ಕಾಯಿ ಅದ ಬಿಡ, ಬಣ್ಣ ಅಷ್ಟ. ಖಾರ ಎಲ್ಲೈತಿ ಅದರಾಗ? ಇನ್ನೊಂದ ಸುತ್ತು.”

ಈ ಮಾತನ್ನು ನಮ್ಮ ಭಾಗದವರು ಮಾತ್ರ ಆಡಲು ಸಾಧ್ಯ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಸಾರಿಗೆ ಹಿಡಿಗಟ್ಟಲೆ ಹಾಕಿದರೂ ನಾಲಿಗೆ ಸುಡುವುದಿಲ್ಲ ಎಂಬುದು ನಮ್ಮ ಅಡಿಗೆಮನೆಯ ಹೆಮ್ಮೆ. ಹುಟ್ಟಿದಾಗಿನಿಂದ ಕೇಳಿದ್ದನ್ನೇ ನಾನು ಗಾಳಿಯಲ್ಲಿ ತೂರಿಬಿಟ್ಟೆ. ರಜಿಯಾ ತನ್ನ ಜಾಗ ಬಿಟ್ಟು ಕದಲಲಿಲ್ಲ.

ಎರಡನೆಯ ಸುತ್ತಿನಲ್ಲಿ ರಾಶಿಯಿಂದ ಮೊಣಕಾಲೆತ್ತರಕ್ಕೆ ತಂದೆ. ಕೊನೆಯ ರಾಶಿಯ ಮೇಲೆ ವೇಗ ತಗ್ಗಿಸಲು ಡ್ರೋನನ್ನು ಹಿಂದಕ್ಕೆ ವಾಲಿಸಿ ಮೋಟರಿಗೆ ಜೋರು ಕೊಟ್ಟೆ. ಕೆಂಪು ಅಲೆ ಎದ್ದಿತು. ಗಾಗಲ್ಸ್ ತುಂಬ ಕೆಂಪು. ಎಷ್ಟು ಚಂದ ಎಂದುಕೊಂಡೆ, ನಿಜವಾಗಿಯೂ ಎಂದುಕೊಂಡೆ. ಮರುಕ್ಷಣ ಆ ಕೆಂಪು ಹೋಗಲೇ ಇಲ್ಲ. ಸಣ್ಣ ಕ್ಯಾಮೆರಾದ ಗಾಜಿಗೆ ಪುಡಿ ಮೆತ್ತಿಕೊಂಡಿತ್ತು. ನನಗೆ ಏನೂ ಕಾಣುತ್ತಿರಲಿಲ್ಲ, ಮತ್ತು ಮುಂದೆ ಹೆಣ್ಣುಮಕ್ಕಳು ಕುಳಿತಿದ್ದರು.

“ಎತ್ತು” ಎಂದಳು ರಜಿಯಾ.

ಎತ್ತಿದೆ. ಡ್ರೋನ್ ಸಮತಲವಾಗಿ ನಿಲ್ಲುವಂತೆ ಒಂದು ಸ್ವಿಚ್ ಇರುತ್ತದೆ, ಅದನ್ನು ಒತ್ತಿದೆ. ಆದರೂ ಅದು ಗಾಳಿಗೆ ಜಾರುತ್ತಲೇ ಇರುತ್ತದೆ. ಮೋಟರ್ ಬಂದ್ ಮಾಡಿದರೆ ಅರ್ಧ ಕಿಲೋದ ವಸ್ತು ಯಾರದೋ ತಲೆಯ ಮೇಲೆ ಬೀಳುತ್ತದೆ. ಎರಡೂ ಕೈ ಕಡ್ಡಿಗಳ ಮೇಲೆ. ಗಾಗಲ್ಸ್ ಕಿತ್ತುಹಾಕಲು ಒಂದು ಕೈ ಬಿಟ್ಟರೂ ಕೆಟ್ಟಿತು. ಬ್ಯಾಟರಿ ಮುಗಿಯಿತು ಎಂಬ ಪೀಪೀ ಶಬ್ದ ಶುರುವಾಯಿತು. ಸುತ್ತಲೂ ಕೆಮ್ಮು, ಸೀನು, ಹೆಣ್ಣುಮಕ್ಕಳ ಬೈಗುಳ. ಅವೆಲ್ಲದರ ನಡುವೆ ನನ್ನ ಬಲಕಿವಿಗೆ ಒಂದೇ ದನಿ, ಅಗಡಿಯ ಹೊಲದಲ್ಲಿ ಕೇಳುತ್ತಿದ್ದಂಥದ್ದೇ.

“ಎಡಕ್ಕ. ಇನ್ನಾ ಎಡಕ್ಕ. ಹೆಣ್ಮಕ್ಕಳ ಮ್ಯಾಲೇನ ಐತಿ, ಇಳಸಬ್ಯಾಡ. ಎಡಕ್ಕ. ಈಗ ದಾಟ್ತು. ಮುಂದ ಚೂರ. ಇಳಸು. ಸಣ್ಣಗ ಇಳಸು. ಇಳಸು. ಬಿಡು.”

ಬಿಟ್ಟೆ. ಮೋಟರ್ ನಿಂತಿತು. ಇಷ್ಟೆಲ್ಲ ಅರ್ಧ ನಿಮಿಷವೂ ಇರಲಿಕ್ಕಿಲ್ಲ.

ಗಾಗಲ್ಸ್ ತೆಗೆದೆ. ತಾಡಪಾಲಿನ ಕೆಳಗಿದ್ದವರೆಲ್ಲ ಸೆರಗಿನಲ್ಲಿ ಮುಖ ಮುಚ್ಚಿ ಬೋರಲಾಗಿದ್ದರು. ಅವರಿಗೆ ಅಭ್ಯಾಸ, ಪುಡಿ ಎದ್ದದ್ದು ಕಂಡ ಕೂಡಲೇ ಕಣ್ಣು ಮುಚ್ಚಿದ್ದರು. ಆ ಕೆಂಪು ಮೋಡ ತಿರುಗಿದ ಗಾಳಿಯೊಂದಿಗೆ ನೇರ ನಮ್ಮಿಬ್ಬರ ಮೇಲೆ ಬಂದು ಹೋಗಿತ್ತು. ನನ್ನ ಗಾಗಲ್ಸಿನ ಸುತ್ತ ಮೆತ್ತನೆಯ ಸ್ಪಂಜು, ಒಳಗೆ ಒಂದು ಕಣವೂ ಬಂದಿರಲಿಲ್ಲ. ರಜಿಯಾ ನಾನು ನಿಲ್ಲಿಸಿದ ಜಾಗದಲ್ಲೇ ನಿಂತಿದ್ದಳು. ನಕಾಬಿನಿಂದ ಮೂಗು ಬಾಯಿ ಉಳಿದಿದ್ದವು, ಅದಕ್ಕೇ ಅವಳಿಗೆ ಕೆಮ್ಮದೆ ಮಾತಾಡಲು ಬಂದಿತ್ತು. ಕಣ್ಣು ಮಾತ್ರ ತೆರೆದೇ ಇದ್ದವು. ಡ್ರೋನ್ ಇಳಿದ ಕಡೆಗೇ ನೋಡುತ್ತಿದ್ದವು. ನಕಾಬ್ ಕಣ್ಣೀರಿನಿಂದ ಪೂರ್ತಿ ತೊಯ್ದು ಮುಖಕ್ಕೆ ಅಂಟಿಕೊಂಡಿತ್ತು.

“ಅಕ್ಕಾ,” ಅಂದಳು, “ಈಗ ಕಣ್ಣ ಮುಚ್ಚಲೇನು?”

ಅವಳು ಕಣ್ಣು ಮುಚ್ಚಿದಳು, ಕೆಳಗೆ ಕುಳಿತಳು, ಆಮೇಲೆ ಕೂಗಿದಳು. ಅಲ್ಲಿಯವರೆಗೆ ತಡೆದಿದ್ದ ಕೂಗು. ಹೆಣ್ಣುಮಕ್ಕಳೇ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡರು, ತಿಕ್ಕಿಕೊಳ್ಳಬಾರದೆಂದು. ಕೊಡಗಟ್ಟಲೆ ನೀರು ಸುರಿದರು. ಅವರಲ್ಲಿ ಹಿರಿಯಳೊಬ್ಬಳು ನನ್ನ ಕಡೆ ತಿರುಗಿ, “ನಿಮ್ಮ ಆಟಕ್ಕ ನಮ್ಮ ಕಣ್ಣ ಬೇಕಾಗಿದ್ವೇನ್ರಿ?” ಎಂದಳು. ಓಡಿಬಂದ ವ್ಯಾಪಾರಿ ರಾಶಿಯ ಕಡೆ ನೋಡಿ ತಲೆ ಹಿಡಿದುಕೊಂಡರು. ಆ ಕೊನೆಯ ರಾಶಿ ಗುಂಟೂರಿನ ತಳಿ, ಖಾರದ ಕಾಯಿ. ನಾನು ಬ್ಯಾಡಗಿ ಕಾಯಿ ಎಂದುಕೊಂಡಿದ್ದೆ ಎಂದು ತೊದಲಿದೆ.

“ಬ್ಯಾಡಗ್ಯಾಗ ಇರೂದೆಲ್ಲಾ ಬ್ಯಾಡಗಿ ಕಾಯಿ ಏನ್ರಿ ಅಕ್ಕಾರ? ಒಂದ ಮಾತ ಕೇಳಬಾರದಿತ್ತ?”

ಅವರನ್ನು ಕೇಳಬಹುದಿತ್ತು. ಕೇಳದೆಯೂ ಹೇಳಿದವಳೊಬ್ಬಳಿದ್ದಳು.

ವ್ಯಾಪಾರಿಯ ಕಾರಿನಲ್ಲಿ ರಾಣೆಬೆನ್ನೂರಿನ ಕಣ್ಣಿನ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು, ಬಳೆ ಒತ್ತಿ ಗುರುತು ಬೀಳುವಷ್ಟು. ವೈದ್ಯರು ಮರಗಟ್ಟಿಸುವ ಹನಿ ಹಾಕಿ, ಬಹಳ ಹೊತ್ತು ತೊಳೆದು, ರೆಪ್ಪೆ ಮಗುಚಿ ನೋಡಿದರು. ಖಾರದ ಉರಿ ಇಳಿಯುತ್ತದೆ, ಅದರ ಚಿಂತೆ ಇಲ್ಲ ಎಂದರು. ಆದರೆ ಬಲಗಣ್ಣಿನ ಮೇಲ್ರೆಪ್ಪೆಯೊಳಗೆ ಮೆಣಸಿನಕಾಯಿ ಸಿಪ್ಪೆಯ ಒಂದು ಚೂಪು ತುಣುಕು ಸಿಕ್ಕಿಕೊಂಡಿತ್ತು. ಕಣ್ಣುಗುಡ್ಡೆಯ ಮುಂದೆ ಗಾಜಿನಂಥ ಪದರ ಇರುತ್ತದೆ, ಕಾರ್ನಿಯಾ. ರೆಪ್ಪೆ ಬಡಿದಾಗಲೆಲ್ಲ ಆ ತುಣುಕು ಅದರ ಮೇಲೆ ಗೀರು ಹಾಕಿತ್ತು. ಗಾಯ ಮಾಯುತ್ತದೆ, ಕಲೆ ಉಳಿಯುತ್ತದೆಯೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದರು. ಆರಿ ವರ್ಕ್ ಎಂದೆ. ವೈದ್ಯರು ಬರೆಯತೊಡಗಿದರು.

ಖಾದರಭಾಯಿ ಹಾವೇರಿಯಿಂದ ಬಂದದ್ದು ಆಮೇಲೆ. ಕೈಯಲ್ಲಿ ಇನ್ನೂ ಮೋಟರಿನ ತಂತಿಗೆ ಹಚ್ಚುವ ವಾರ್ನಿಷಿನ ಅಂಟು. ಹೆಂಡತಿಯ ಬಲಗಣ್ಣಿಗೆ ಪಟ್ಟಿ, ಎಡಗಣ್ಣು ಊದಿಕೊಂಡದ್ದು ನೋಡಿದರು. ಏನಾಯಿತು ಎಂದು ಅವಳನ್ನಲ್ಲ, ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ರಜಿಯಾ ಅಂದಳು, “ತಪ್ಪ ನಂದರಿ. ಗಾಳಿ ತಿರುಗಿದ್ದ ನೋಡಿ ಲಗೂನ ಹೇಳಬೇಕಿತ್ತು, ತಡಾ ಮಾಡಿದೆ.”

ಖಾದರಭಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಹಾಗಲ್ಲ, ಆಕೆ ಹೇಳಿದ್ದಳು, ನಾನೇ ಕೇಳಲಿಲ್ಲ ಎಂದು ಹೇಳಲು ಮೂರು ಮಾತು ಸಾಕಿತ್ತು. ನಾನು ಅಂದದ್ದು, “ಡಾಕ್ಟರು ಗಾಬರಿ ಆಗೂದೇನ ಇಲ್ಲ ಅಂದಾರ್ರಿ ಭಾಯಾರ.” ಔಷಧಿಯ ಚೀಲ ಅವರ ಕೈಗೆ ಕೊಟ್ಟೆ. ಯಾವ ಹನಿ ಎಷ್ಟು ಸಲ ಹಾಕಬೇಕು ಎಂಬುದನ್ನು ಮಾತ್ರ ಒಂದಕ್ಷರ ಬಿಡದೆ ವಿವರಿಸಿದೆ.

ಮುಂದಿನ ದಿನಗಳಲ್ಲಿ ನಾನು ಮಾಡಿದ್ದೆಲ್ಲ ಮಾಡಬೇಕಾದ್ದೇ. ಎರಡು ಹೊತ್ತು ಅವರ ಮನೆಗೆ ಬುತ್ತಿ ಒಯ್ದೆ. ಹನಿ ಹಾಕಿದೆ. ಮದುವೆಯ ಬ್ಲೌಸು ಕೊಟ್ಟಿದ್ದವರಿಗೆಲ್ಲ ಫೋನ್ ಮಾಡಿ ತಡವಾಗುತ್ತದೆ ಎಂದೆ. ಕಾಯಲಾರದವರು ಬಂದು ಅರ್ಧಕ್ಕೆ ನಿಂತ ಬಟ್ಟೆಯನ್ನು ಚೌಕಟ್ಟಿನಿಂದ ಬಿಚ್ಚಿಸಿಕೊಂಡು ಹೋದರು. ಬಿಚ್ಚಿ ಕೊಟ್ಟವಳು ನಾನೇ. ರಜಿಯಾ ಗೋಡೆಗೆ ಒರಗಿ ಕುಳಿತು, ಯಾವ ಬಟ್ಟೆ ಹೋಯಿತು ಎಂದು ಬಣ್ಣ ಕೇಳುತ್ತಿದ್ದಳು. ತಿಳಿ ಹಸಿರು ಎಂದರೆ, ಅದರ ತೋಳಿನ ನವಿಲಿಗೆ ಕಣ್ಣು ಹಾಕುವುದಷ್ಟೇ ಉಳಿದಿತ್ತು ಎನ್ನುತ್ತಿದ್ದಳು. ಆ ದಿನದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಖಾದರಭಾಯಿ ನನ್ನನ್ನು ಕಂಡಾಗ ಕುಂದ್ರಿ ಅಕ್ಕಾರ ಎನ್ನುವುದನ್ನು ಬಿಟ್ಟಿರಲಿಲ್ಲ. ಆದರೆ ಎದುರು ಕುಳಿತುಕೊಳ್ಳುತ್ತಿರಲಿಲ್ಲ.

ವ್ಯಾಪಾರಿಯ ಚಿತ್ರ ಸಿದ್ಧಪಡಿಸಬೇಕಿತ್ತು. ಹತ್ತು ಹನ್ನೆರಡು ದಿನ ಆ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಮುಟ್ಟಲು ಮನಸ್ಸಾಗಲಿಲ್ಲ. ಒಂದು ಮಧ್ಯಾಹ್ನ ಕುಳಿತೆ. ಮೊದಲ ಸುತ್ತು ಚೆನ್ನಾಗಿತ್ತು. ಎರಡನೆಯದನ್ನು ತೆರೆದೆ. ದೊಡ್ಡ ಕ್ಯಾಮೆರಾದ ಗಾಜಿಗೆ ಅಷ್ಟು ಪುಡಿ ಹಿಡಿದಿರಲಿಲ್ಲ. ಕೆಂಪು ಅಲೆ ಏಳುತ್ತದೆ, ನಾನು ಎಣಿಸಿದ್ದಕ್ಕಿಂತ ಚಂದ. ಡ್ರೋನ್ ಮೇಲೇರುತ್ತದೆ. ಎಡಕ್ಕೆ ಜಾರುತ್ತ ಸಾವಕಾಶ ತಿರುಗುತ್ತದೆ, ಇಡೀ ಬಯಲು ಕಾಣುತ್ತದೆ. ಬಾಗಿದ ಬೆನ್ನುಗಳು, ಮುಖಕ್ಕೆ ಎಳೆದ ಸೆರಗುಗಳು, ತೋಳಿನಲ್ಲಿ ಮುಖ ಹುದುಗಿಸಿದ ಹಮಾಲಿಗಳು. ಕುರ್ಚಿಯ ಮೇಲೆ ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡ ನಾನು. ಅಷ್ಟು ಜನರಲ್ಲಿ ಒಂದೇ ಒಂದು ಮುಖ ಮೇಲಕ್ಕೆ ನೋಡುತ್ತಿತ್ತು. ಆ ಕೆಂಪಿನ ನಟ್ಟನಡುವೆ ಕರಿಯ ಬುರ್ಖಾ, ಅದರಲ್ಲಿ ಎರಡು ಕಣ್ಣು, ನೇರ ಕ್ಯಾಮೆರಾದೊಳಕ್ಕೆ. ಡ್ರೋನ್ ಹೋದಲ್ಲಿಗೆ ಆ ಮುಖವೂ ತಿರುಗುತ್ತಿತ್ತು.

ಆ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದೆ. ಆಮೇಲೆ ಕಂಪ್ಯೂಟರ್ ಹಾಗೆಯೇ ಬಿಟ್ಟು ಖಾದರಭಾಯಿಯ ಅಂಗಡಿಗೆ ನಡೆದೆ. ಅವರು ಒಂದು ಮೋಟರಿನ ಹೊಟ್ಟೆ ಬಿಚ್ಚಿ ತಾಮ್ರದ ತಂತಿ ಸುತ್ತುತ್ತಿದ್ದರು. ನಿಂತುಕೊಂಡೇ ಹೇಳಿದೆ. ಗಾಳಿ ತಿರುಗಿದೆ, ಸಾಕು ಮಾಡು ಎಂದು ಆಕೆ ಹೇಳಿದ್ದಳು, ಖಾರ ಎಲ್ಲಿದೆ ಎಂದು ಇನ್ನೊಂದು ಸುತ್ತು ಹೋದವಳು ನಾನು, ತಪ್ಪು ಪೂರ್ತಿ ನನ್ನದು ಎಂದೆ.

ಅವರು ಸುತ್ತುವುದನ್ನು ನಿಲ್ಲಿಸಲಿಲ್ಲ. ಅರ್ಧಕ್ಕೆ ನಿಲ್ಲಿಸಿದರೆ ಸುತ್ತಿನ ಲೆಕ್ಕ ತಪ್ಪುತ್ತದೆ ಎಂದು ನನಗೆ ಗೊತ್ತಿತ್ತು. ಕಾದೆ. ತಂತಿಯ ತುದಿ ಕಟ್ಟಿದ ಮೇಲೆ ಹೇಳಿದರು.

“ಆಕಿ ತಡಾ ಮಾಡಿ ಹೇಳೂ ಪೈಕಿ ಅಲ್ರಿ ಅಕ್ಕಾರ. ಇಷ್ಟ ವರ್ಷ ಸಂಸಾರ ಮಾಡೇನಿ, ಅಷ್ಟೂ ಗೊತ್ತಿಲ್ಲೇನು? ಆವತ್ತ ಆಸ್ಪತ್ರ್ಯಾಗ ನೀವ ಹೇಳ್ತೀರಿ ಅಂತ ನಿಮ್ಮ ಮಾರೀನ ನೋಡ್ಕೋತ ನಿಂತಿದ್ದೆ.”

ಸಿಟ್ಟಿನಿಂದ ಆಡಿದ ಮಾತಲ್ಲ. ಸಿಟ್ಟಿದ್ದರೆ ಹೊರೆ ಹಗುರಾಗುತ್ತಿತ್ತೇನೋ. ಆಮೇಲೆ ಸ್ಟೂಲನ್ನು ಒರೆಸಿ ನನ್ನ ಕಡೆ ತಳ್ಳಿದರು, ತಾವೂ ಎದುರು ಕುಳಿತರು. ಚಹಾ ತರಿಸಿದರು. ಇಬ್ಬರೂ ಕುಡಿದೆವು.

ವ್ಯಾಪಾರಿಗೆ ಮೊದಲ ಸುತ್ತಿನ ಚಿತ್ರ ಮಾತ್ರ ಕೊಟ್ಟೆ. ಅವರಿಗೆ ಅದೇ ಹಿಡಿಸಿತು, ಬೇರೆ ಏನಾದರೂ ಇದೆಯೇ ಎಂದು ಕೇಳಲೂ ಇಲ್ಲ. ಒಬ್ಬರೂ ಬೇಡದೇ ಇದ್ದ ಒಂದು ಚಿತ್ರಕ್ಕಾಗಿ ಇಷ್ಟಾಯಿತು. ರಜಿಯಾ ಮಾತ್ರ ಹಟ ಹಿಡಿದು ಎರಡನೆಯದನ್ನು ನೋಡಿದಳು. ಪರದೆಗೆ ಮುಖ ಹತ್ತಿರ ತಂದು, “ಇಷ್ಟ ಚಂದ ಬಂದೈತಿ, ಯಾಕ ಕೊಡಲಿಲ್ಲಕ್ಕಾ?” ಎಂದಳು. ಕೊನೆಗೆ ತನ್ನನ್ನು ತಾನು ಕಂಡು, “ಅವ್ವಾ, ಕಣ್ಣ ನೋಡು, ಗೂಬಿ ಆಗೇನಿ” ಎಂದು ನಕ್ಕಳು. ನನಗೆ ನಗಲು ಬರಲಿಲ್ಲ.

ಗಾಯ ಮಾಯಿತು, ಕಲೆ ಉಳಿಯಿತು. ದೊಡ್ಡದಲ್ಲ. ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಬೆಳಕು ಬಲಗಣ್ಣಿಗೆ ಚೆದುರಿ ಬರುತ್ತದೆ ಎನ್ನುತ್ತಾಳೆ, ದೀಪಕ್ಕೆ ಗರಿ ಮೂಡಿದಂತೆ. ಜರಿಯ ಹೊಳಪು ಚುಚ್ಚುತ್ತದೆ. ಈಗ ದೊಡ್ಡ ಮಣಿಯ ಕೆಲಸ, ಮೆಹಂದಿ ಮಾಡುತ್ತಾಳೆ. ಸಾಸಿವೆ ಮಣಿಯ ನವಿಲು ಕೇಳಿಕೊಂಡು ಬಂದವರನ್ನು ರಾಣೆಬೆನ್ನೂರಿನ ಇನ್ನೊಬ್ಬಳ ಹತ್ತಿರ ಕಳಿಸುತ್ತಾಳೆ. ಪಕ್ಕದ ಅಂಗಡಿಯಲ್ಲಿ ಕುಳಿತ ನನಗೆ ಅವಳು ಹಾಗೆ ಹೇಳಿ ಕಳಿಸುವುದು ಪ್ರತಿ ಸಲವೂ ಕೇಳಿಸುತ್ತದೆ. ಬಿಸಿಲಿನ ಆಕಾಶದಲ್ಲಿ ಡ್ರೋನನ್ನು ಹಿಡಿದಿಡಲು ಆ ಕಣ್ಣಿಗೆ ಆಗುವುದಿಲ್ಲ. ಮತ್ತೆ ಸ್ಪಾಟರ್ ಆಗಲು ಒಮ್ಮೆ ಬಂದಳು, ಎರಡು ಸಲ ಡ್ರೋನ್ ಕಣ್ತಪ್ಪಿತು, ಹೋಗಿ ಸ್ಕೂಟಿಯ ಹತ್ತಿರ ನಿಂತಳು. ಅಂದಿನಿಂದ ನಾನೂ ತಿಂಗಳುಗಟ್ಟಲೆ ಡ್ರೋನಿನ ಪೆಟ್ಟಿಗೆ ತೆರೆಯಲಿಲ್ಲ.

ಹೋದ ದೀಪಾವಳಿ ಆದ ಮೇಲೆ ಅವಳೇ ಬಂದು ಗಾಗಲ್ಸ್ ತೆಗೆ ಎಂದಳು. ಅದನ್ನು ಕಟ್ಟಿಕೊಂಡರೆ ಒಳಗೆ ಕತ್ತಲು, ಹೊರಗಿನ ಬೆಳಕಿಲ್ಲ, ಪರದೆಯ ಹೊಳಪನ್ನು ಬೇಕಾದಷ್ಟು ತಗ್ಗಿಸಬಹುದು. ಅಲ್ಲಿ ಅವಳ ಕಣ್ಣಿಗೆ ಗರಿ ಮೂಡುವುದಿಲ್ಲ. ವೈದ್ಯರನ್ನು ಕೇಳಿದೆವು, ಒಂದು ಬ್ಯಾಟರಿಯಷ್ಟು ಹೊತ್ತು, ನಡುವೆ ವಿಶ್ರಾಂತಿ ಕೊಟ್ಟು ನಡೆಯುತ್ತದೆ ಎಂದರು. ಗೋವಿನಜೋಳ ಕೊಯ್ದ ಅಗಡಿಯ ಹೊಲದಲ್ಲಿ ಈಗ ಕುರ್ಚಿಯ ಮೇಲೆ ಕುಳಿತುಕೊಳ್ಳುವವಳು ರಜಿಯಾ. ಪಕ್ಕದಲ್ಲಿ ಬರಿಗಣ್ಣಿನಲ್ಲಿ ನಿಲ್ಲುವವಳು ನಾನು. ಆಕಾಶ ನೋಡಿ ನೋಡಿ ಕಣ್ಣಲ್ಲಿ ನೀರು ಬರುತ್ತದೆ, ಕತ್ತು ನೋಯುತ್ತದೆ, ರೆಪ್ಪೆ ಬಡಿಯಲೂ ಹೆದರಿಕೆಯಾಗುತ್ತದೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಕಲಿತದ್ದು ಇದೇ. ಕ್ಯಾಮೆರಾದ ಹಿಂದೆ ಇರುವವರಿಗೆ ತಾವು ಎಲ್ಲ ಕಂಡೆವು ಎನ್ನಿಸುತ್ತದೆ. ತಮಗಾಗಿ ಇನ್ನೊಬ್ಬರು ಏನು ಕಾಣುತ್ತ ನಿಂತಿದ್ದಾರೆ ಎಂಬುದೊಂದು ಅವರಿಗೆ ಕಾಣುವುದಿಲ್ಲ. ಆ ಇನ್ನೊಬ್ಬರು ಸಾಕು ಎಂದಾಗ ಸಾಕು ಮಾಡಬೇಕು.

ರಜಿಯಾ ನನಗಿಂತ ಚೆನ್ನಾಗಿ ಕಲಿಯುತ್ತಿದ್ದಾಳೆ. ಸೂಜಿ ಹಿಡಿದ ಬೆರಳುಗಳು, ಕಡ್ಡಿಯ ಮೇಲೆ ಅಲುಗುವುದೇ ಇಲ್ಲ. ಮೊನ್ನೆ ಸಂಜೆ ಬದುವಿನ ಬೇವಿನ ಮರದ ಕೊಂಬೆಗಳ ನಡುವೆ ತೂರುತ್ತ, ಒಳಗೆ ಏನೋ ಚಂದದ್ದು ಕಂಡಿರಬೇಕು, ನಕಾಬಿನೊಳಗಿಂದ ಅವಳ ನಗೆ ಕೇಳಿಸಿತು. ಅಷ್ಟರಲ್ಲಿ ಆಚೆ ಬದುವಿನ ಮೇಲೆ ಯಾರೋ ನಡೆದು ಬರುತ್ತಿರುವುದು ನನಗೆ ಕಂಡಿತು. “ಎತ್ತು” ಎಂದೆ.

ನನ್ನ ಬಾಯಿಂದ ಆ ಮಾತು ಪೂರ್ತಿ ಹೊರಬರುವ ಮೊದಲೇ ಡ್ರೋನ್ ಮರದಿಂದ ಮೇಲೆದ್ದು ಆಕಾಶದಲ್ಲಿತ್ತು.